ಕಣ್ಣಿಗೊತ್ತಿಕೊಂಡ ಮುತ್ತು

ಚುಂಬನವು ಪಶ್ಚಿಮದಿಂದ ಬಂದ ರೂಢಿ, ಅದು ನಮ್ಮ ಸಂಸ್ಕೃತಿಗೆ ಸೇರಿದ್ದಲ್ಲ ಎಂಬ ಮಾತನ್ನು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇದಕ್ಕೆ ಪ್ರತಿಯಾಗಿ, ಕಾಮಸೂತ್ರ ಹುಟ್ಟಿದ ನೆಲದಲ್ಲಿ ಚುಂಬನಕ್ಕೆ ನಾಚಿಕೆಯೇಕೆ ಎಂದು ಕೇಳುವವರೂ ಇದ್ದಾರೆ. ಮೊದಲನೆಯ ಪಕ್ಷದವರು ಕನ್ನಡ ನಿಘಂಟನ್ನು ತೆರೆದಂತಿಲ್ಲ. ಎರಡನೆಯವರು ಕಾಮಸೂತ್ರವನ್ನು ಪೂರ್ತಿ ಓದಿದಂತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವುದಾದರೂ ಹಳ್ಳಿಯಲ್ಲಿ, ದೂರದೂರಿನಿಂದ ಬಂದ ಮೊಮ್ಮಗನನ್ನು ಅಜ್ಜಿ ಹೇಗೆ ಬರಮಾಡಿಕೊಳ್ಳುತ್ತಾಳೆ ಎಂಬುದನ್ನು ಇಬ್ಬರೂ ನಿಂತು ನೋಡಿಲ್ಲ.

ಆಕೆ ಎರಡೂ ಕೈಗಳಿಂದ ಅವನ ಗಲ್ಲವನ್ನು ಸವರುತ್ತಾಳೆ. ಸವರಿದ ಬೆರಳುಗಳನ್ನು ಒಟ್ಟುಗೂಡಿಸಿ ತನ್ನ ತುಟಿಗೆ ಮುಟ್ಟಿಸಿಕೊಂಡು ಮುತ್ತಿಡುತ್ತಾಳೆ. ಮರುಕ್ಷಣವೇ ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿಯುತ್ತಾಳೆ; ನೆದರು ಇಳಿಯಿತು. ‘ಎಷ್ಟ ಸೊರಗೀಯೋ ನನ್ನಪ್ಪಾ’ ಎಂಬ ಮಾತು ಆಮೇಲಿನದು. ತುಟಿ ಚರ್ಮವನ್ನು ಮುಟ್ಟಲಿಲ್ಲ. ಆದರೂ ಅಲ್ಲಿ ಮುತ್ತು ಕೊಟ್ಟದ್ದೂ ಆಯಿತು, ಮುತ್ತು ಮುಟ್ಟಿದ್ದೂ ಆಯಿತು. ಇದನ್ನು ಚುಂಬನವೆಂದು ಕರೆಯದಿದ್ದರೆ ಬೇರೆ ಏನೆಂದು ಕರೆಯುವುದು? ಈ ಕ್ರಿಯೆಗೆ ತನ್ನದೇ ಆದ ವ್ಯಾಕರಣವಿದೆ ಎಂಬುದೂ, ಅದನ್ನು ಬರೆದಿಡುವ ಮೊದಲೇ ನಾವು ಮರೆಯತೊಡಗಿದ್ದೇವೆ ಎಂಬುದೂ ಈ ಲೇಖನದ ವಿಷಯ.

ಮೊದಲು ಶಬ್ದಗಳನ್ನು ನೋಡೋಣ. ‘ಚುಂಬನ’ ಸಂಸ್ಕೃತದಿಂದ ಬಂದದ್ದು. ಆದರೆ ‘ಮುದ್ದು’ ಮತ್ತು ‘ಮುತ್ತು’ ಕನ್ನಡದ ಸ್ವಂತ ಆಸ್ತಿ. ತೆಲುಗಿನಲ್ಲಿ ಮುದ್ದು, ತಮಿಳು ಮಲಯಾಳಗಳಲ್ಲಿ ಮುತ್ತಂ. ಒಂದೇ ಬೇರಿನ ಚಿಗುರುಗಳು. ಒಂದು ಭಾಷಾಕುಲದ ಅಕ್ಕತಂಗಿಯರೆಲ್ಲರ ಬಳಿಯೂ ಸಮಾನವಾಗಿರುವ ಶಬ್ದವು ಹಡಗು ಹತ್ತಿ ಬಂದದ್ದಾಗಿರಲಾರದು. ಮಣಿಯ ಅರ್ಥದ ಮುತ್ತು ‘ಮುಕ್ತಾ’ ಶಬ್ದದೊಡನೆ ನಂಟುಳ್ಳದ್ದು, ತುಟಿಯ ಮುತ್ತು ಬೇರೆ. ಆದರೂ ನಮ್ಮ ಹಾಡುಗಾರರು ಈ ಎರಡನ್ನೂ ಬೆರೆಸಿ ಶ್ಲೇಷವಾಡುವ ಅವಕಾಶವನ್ನು ಬಿಟ್ಟವರಲ್ಲ. ಹಳೆಯ ಕನ್ನಡದಲ್ಲಿ ‘ಮುಂಡಾಡು’ ಎಂಬ ಸೊಗಸಾದ ಕ್ರಿಯಾಪದವಿದೆ. ಅಪ್ಪುವುದು, ಮುದ್ದಿಸುವುದು, ಮುಖಕ್ಕೆ ಮುಖ ತಾಗಿಸಿ ಆಡುವುದು ಎಲ್ಲವೂ ಅದರಲ್ಲಿ ಅಡಗಿವೆ. ಇಂಡಿಯಿಂದ ಉತ್ತರಕ್ಕೆ ಹೊರಟರೆ ಭೀಮೆಯಾಚೆ ಮರಾಠಿಯ ‘ಮುಕಾ’, ‘ಪಾಪಾ’ಗಳು ಎದುರಾಗುತ್ತವೆ. ಈಗಿನ ಪೇಟೆಯ ಮಕ್ಕಳಿಗೆ ‘ಪಪ್ಪಿ’ ಸಾಕು. ಇಷ್ಟು ಹೆಸರುಗಳಿರುವ ವಸ್ತುವನ್ನು ಪರದೇಶದ್ದೆನ್ನುವುದು ಹೇಗೆ?

ರೋಮನರಲ್ಲಿಯೂ ಇಂಥದೇ ವಿಂಗಡಣೆಯಿತ್ತು. ಮರ್ಯಾದೆಯ ಮುತ್ತು ‘ಓಸ್ಕುಲುಂ’, ಅಕ್ಕರೆಯದು ‘ಬಾಸಿಯುಂ’, ಕಾಮದ್ದು ‘ಸಾವಿಯುಂ’ ಎಂದು ಅವರ ವೈಯಾಕರಣರು ಭೇದ ಹೇಳಿದ್ದಾರೆ. ಪರ್ಷಿಯನ್ನರ ವಿಷಯದಲ್ಲಿ ಹೆರೊಡೋಟಸ್ ಬರೆದಿರುವುದು ಇನ್ನೂ ಸ್ವಾರಸ್ಯಕರ: ದಾರಿಯಲ್ಲಿ ಎದುರಾದ ಇಬ್ಬರು ಸಮಾನರಾದರೆ ಬಾಯಿಗೆ ಮುತ್ತಿಡುತ್ತಾರೆ, ಒಬ್ಬನು ಸ್ವಲ್ಪ ಕೆಳಗಿನವನಾದರೆ ಕೆನ್ನೆಗೆ, ಬಹಳ ಕೆಳಗಿನವನಾದರೆ ಅವನು ನೆಲಕ್ಕೆ ಬಿದ್ದು ವಂದಿಸುತ್ತಾನೆ. ಮುತ್ತಿನ ಎತ್ತರವೇ ಮನುಷ್ಯನ ಎತ್ತರವನ್ನು ಹೇಳುತ್ತಿತ್ತು. ಈ ಕಾರಣದಿಂದಲೇ ಮುತ್ತು ಆಳುವವರ ಚಿಂತೆಗೂ ವಿಷಯವಾಯಿತು. ರೋಮಿನ ಚಕ್ರವರ್ತಿ ತಿಬೇರಿಯಸ್ ದಿನನಿತ್ಯದ ಚುಂಬನವನ್ನು ಶಾಸನದಿಂದ ನಿಷೇಧಿಸಿದನು. ಅವನ ಕಾಲದಲ್ಲಿ ಮುತ್ತಿನಿಂದ ಹರಡುವ ಗದ್ದದ ಚರ್ಮರೋಗವೊಂದು ಶ್ರೀಮಂತರನ್ನು ಕಾಡಿತೆಂದು ಪ್ಲಿನಿ ಬರೆದಿದ್ದಾನೆ. 2020ರಲ್ಲಿ ಕೊರೊನಾ ಬಂದಾಗ ಫ್ರಾನ್ಸಿನ ಜನ ಕೆನ್ನೆಗೆ ಕೆನ್ನೆ ತಾಗಿಸುವ ತಮ್ಮ ‘ಬೀಜ್’ ಅನ್ನು ತಡೆಹಿಡಿಯಬೇಕಾಯಿತು. ನಮ್ಮ ಅಜ್ಜಿಯ ಬೆರಳಮುತ್ತಿಗೆ ಅಂಥ ಸಂಕಟವೇನೂ ಹೆಚ್ಚಾಗಿ ತಟ್ಟಲಿಲ್ಲ. ಗಲ್ಲ ಸವರುವ ಬದಲು ದೂರದಿಂದಲೇ ನೆಟಿಗೆ ಮುರಿದರೂ ಅದು ನಡೆಯುತ್ತಿತ್ತು.

ಮುತ್ತು ಮಾನವಕುಲಕ್ಕೆಲ್ಲ ಸಮಾನವಾದದ್ದೆಂದು ಹಿಂದೆ ನಂಬಲಾಗಿತ್ತು. 2015ರಲ್ಲಿ ಮಾನವಶಾಸ್ತ್ರಜ್ಞರು 168 ಸಮಾಜಗಳನ್ನು ಪರಿಶೀಲಿಸಿದಾಗ, ಪ್ರಣಯದ ಬಾಯಿಮುತ್ತು ಕಂಡುಬಂದದ್ದು ಶೇಕಡ 46ರಲ್ಲಿ ಮಾತ್ರ. ನ್ಯೂಜಿಲೆಂಡಿನ ಮಾವೊರಿಗಳು ಹಣೆಗೆ ಹಣೆ, ಮೂಗಿಗೆ ಮೂಗು ಸೇರಿಸಿ ಉಸಿರನ್ನು ಹಂಚಿಕೊಳ್ಳುತ್ತಾರೆ. ಧ್ರುವಪ್ರದೇಶದ ಇನ್ಯೂಟ್ ಜನ ಕೆನ್ನೆಗೆ ಮೂಗೊತ್ತಿ ಉಸಿರೆಳೆಯುತ್ತಾರೆ. ಚುಂಬನದ ಅತಿ ಪ್ರಾಚೀನ ಉಲ್ಲೇಖ ಭಾರತದ ವೈದಿಕ ಗ್ರಂಥಗಳಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರಿಗೆ 2023ರಲ್ಲಿ ಇನ್ನೊಂದು ಪೆಟ್ಟು ಬಿತ್ತು: ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲಿ ಕ್ರಿ.ಪೂ. 2500ರ ಸುಮಾರಿನ ಉಲ್ಲೇಖಗಳಿವೆ ಎಂದು ವಿದ್ವಾಂಸರು ತೋರಿಸಿಕೊಟ್ಟರು. ಯಾರು ಮೊದಲು ಎಂಬ ಪಂದ್ಯದಲ್ಲಿ ನನಗೆ ಆಸಕ್ತಿಯಿಲ್ಲ. ಮುತ್ತಿನ ರೂಪವನ್ನು ಪ್ರತಿಯೊಂದು ನೆಲವೂ ತಾನೇ ತಿದ್ದಿಕೊಂಡಿದೆ ಎಂಬುದಷ್ಟೇ ನನಗೆ ಮುಖ್ಯ.

ಇದನ್ನು ಎಲ್ಲರಿಗಿಂತ ಮೊದಲೇ ಬಲ್ಲವನು ವಾತ್ಸ್ಯಾಯನನೇ. ಚುಂಬನದ ಬಗೆಗಳಿಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟ ಆತ, ಮುಂದೆ ದೇಶಾಚಾರಗಳನ್ನು ಹೇಳುವಾಗ, ಮಧ್ಯದೇಶದ ಸ್ತ್ರೀಯರು ಚುಂಬನವನ್ನು ಇಷ್ಟಪಡುವುದಿಲ್ಲ, ಬಾಹ್ಲೀಕದವರೂ ಅವಂತಿಯವರೂ ಹಾಗೆಯೇ, ಆದರೆ ಮಾಳವ ಮತ್ತು ಆಭೀರದವರಿಗೆ ಅದು ಪ್ರಿಯ ಎಂದು ಬಿಡಿಸಿ ಹೇಳುತ್ತಾನೆ. ಆಯಾ ದೇಶದ ರೀತಿಯನ್ನು ಅರಿತು ನಡೆಯಬೇಕೆಂಬುದು ಅವನ ನಿಲುವು. ಅಂದರೆ ಕಾಮಸೂತ್ರವನ್ನು ಮುಂದಿಟ್ಟುಕೊಂಡು ‘ಇದು ಅಖಿಲ ಭಾರತದ ಪರಂಪರೆ’ ಎನ್ನುವವರನ್ನು ಕಾಮಸೂತ್ರವೇ ತಡೆಯುತ್ತದೆ. ಅಲ್ಲಿ ನಮ್ಮ ನಾಡಿನ ಪ್ರಸ್ತಾಪವೂ ಇದೆ. ವನವಾಸದ, ಎಂದರೆ ಬನವಾಸಿಯ ಸೀಮೆಯ ಸ್ತ್ರೀಯರು ಮಧ್ಯಮ ವೇಗದವರು, ತಮ್ಮ ಮೈಯನ್ನು ಮುಚ್ಚಿಕೊಳ್ಳುವವರು, ಅಶ್ಲೀಲವೂ ಕಠಿನವೂ ಆದ ಮಾತನ್ನು ಒಲ್ಲದವರು ಎಂದು ಆತ ಚಿತ್ರಿಸುತ್ತಾನೆ. ತಮಾಷೆಯೆಂದರೆ ಅದೇ ಬನವಾಸಿಯ ರಾಜಕುಮಾರ ಕಂದರ್ಪದೇವನನ್ನು ನಾಯಕನನ್ನಾಗಿಸಿ ಜೈನಕವಿ ನೇಮಿಚಂದ್ರನು ‘ಲೀಲಾವತಿ ಪ್ರಬಂಧ’ವನ್ನು ಬರೆದನು, ಶೃಂಗಾರದಲ್ಲಿ ಅದನ್ನು ಮೀರಿಸುವ ಕನ್ನಡ ಚಂಪೂ ವಿರಳ.

ಕಾವ್ಯದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಸ್ಕೃತಿಯ ಹೆಸರಿನಲ್ಲಿ ಚುಂಬನವನ್ನು ಖಂಡಿಸುವವರು ಸಾಮಾನ್ಯವಾಗಿ ಧರ್ಮವನ್ನು ಸಾಕ್ಷಿಗೆ ಕರೆಯುತ್ತಾರೆ. ತ್ಯಾಗವನ್ನೇ ಪರಮವೆಂದ ಧರ್ಮದ ಕವಿಗಳು ಈ ವಿಷಯದಲ್ಲಿ ಹೇಗೆ ನಡೆದುಕೊಂಡರು? ಪಂಪನು 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ವಜ್ರಜಂಘ ಮತ್ತು ಶ್ರೀಮತಿಯರ ಪ್ರೇಮಕ್ಕೆ ಕೊಟ್ಟ ಅವಕಾಶ ಸಣ್ಣದಲ್ಲ. ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯಲು ಸೇವಕರು ಮರೆತ ರಾತ್ರಿ ಧೂಪದ ಹೊಗೆ ತುಂಬಿ, ಒಬ್ಬರನ್ನೊಬ್ಬರು ತಬ್ಬಿದಂತೆಯೇ ಆ ದಂಪತಿಗಳು ಪ್ರಾಣ ಬಿಡುತ್ತಾರೆ. ಪ್ರಥಮ ತೀರ್ಥಂಕರನ ಹಿಂದಿನ ಭವವೊಂದರ ಕಥೆಯಿದು. ಭೋಗವನ್ನು ಇಷ್ಟು ತುಂಬಿ ವರ್ಣಿಸಿದ ಮೇಲೆಯೇ ಕವಿಗೆ ಅದರ ನಶ್ವರತೆಯನ್ನು ಹೇಳುವ ಅಧಿಕಾರ ಬಂತು. ‘ಯಶೋಧರ ಚರಿತೆ’ಯ ಜನ್ನನ ಹೆಸರಿನಲ್ಲಿ ‘ಅನುಭವ ಮುಕುರ’ವೆಂಬ ಕಾಮಶಾಸ್ತ್ರ ಗ್ರಂಥವೂ ಇದೆ, ಅದಕ್ಕೂ ಹಿಂದೆ, 11ನೆಯ ಶತಮಾನದಲ್ಲಿ, ಚಂದ್ರರಾಜನು ‘ಮದನತಿಲಕ’ವನ್ನು ರಚಿಸಿದ್ದನು. ಇವರಾರೂ ಚುಂಬನವೆಂಬ ಶಬ್ದವನ್ನು ಕಂಡು ಬೆಚ್ಚಿದವರಲ್ಲ. ಬಾಗೇವಾಡಿಯ ನೆಲದ ಬಸವಣ್ಣನವರ ಕಾಲದ ಶರಣರಲ್ಲಿ ಉರಿಲಿಂಗದೇವನಂಥವರು ಶರಣಸತಿ-ಲಿಂಗಪತಿ ಭಾವದಲ್ಲಿ ಅಪ್ಪುಗೆಯ ಭಾಷೆಯನ್ನೇ ಭಕ್ತಿಯ ಭಾಷೆಯನ್ನಾಗಿ ಮಾಡಿಕೊಂಡರು. ಪರಂಪರೆಯ ಹೆಸರಿನಲ್ಲಿ ಮಡಿವಂತಿಕೆಯನ್ನು ಹೇರುವವರು ಯಾವ ಪರಂಪರೆಯನ್ನು ಕುರಿತು ಮಾತನಾಡುತ್ತಿದ್ದಾರೆ ಎಂದು ನನಗೆ ನಿಜವಾಗಿಯೂ ತಿಳಿಯುವುದಿಲ್ಲ.

ಹಾಗಿದ್ದರೆ ಬೀದಿಯಲ್ಲಿ, ಹತ್ತು ಜನರ ನಡುವೆ, ತುಟಿ ಏಕೆ ಹಿಂಜರಿಯಿತು? ಬರಿಯ ಲಜ್ಜೆಯೆಂದು ಉತ್ತರಿಸಿದರೆ ಅರ್ಧವಾಯಿತು. ಉಳಿದರ್ಧ ‘ಎಂಜಲು’ ಎಂಬ ಒಂದು ಶಬ್ದದಲ್ಲಿದೆ. ಬಾಯಿಯ ತೇವ ತಾಗಿದ್ದು ಎಂಜಲು. ಅದನ್ನು ದೇವರಿಗೆ ಅರ್ಪಿಸುವಂತಿಲ್ಲ, ಹಿರಿಯರಿಗೆ ಕೊಡುವಂತಿಲ್ಲ. ಯುರೋಪಿನಲ್ಲಿ ಭಕ್ತನು ಶಿಲುಬೆಗೆ, ಗ್ರಂಥಕ್ಕೆ, ಗುರುವಿನ ಉಂಗುರಕ್ಕೆ ತುಟಿ ತಾಗಿಸಿದರೆ ಅದು ಪೂಜೆ. ನಮ್ಮಲ್ಲಿ ಅದೇ ಭಾವವು ತುಟಿಯ ಬದಲು ಕಣ್ಣನ್ನು ಆರಿಸಿಕೊಂಡಿತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಸಂತೆಯಲ್ಲಿ ಬೋಣಿಗೆಯ ಹಣವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಲಿಂಗಧಾರಿಯು ಪೂಜೆ ಮುಗಿಸಿ ಇಷ್ಟಲಿಂಗವನ್ನು, ಜಿನಾಲಯದಲ್ಲಿ ಶ್ರಾವಕಿ ಗಂಧೋದಕವನ್ನು, ಎಳ್ಳಮಾಸಿಯ ದಿನ ಚರಗ ಚೆಲ್ಲಿದ ಒಕ್ಕಲಿಗನು ಹೊಲದ ಮಣ್ಣನ್ನು ಕಣ್ಣಿಗೂ ಹಣೆಗೂ ಮುಟ್ಟಿಸಿಕೊಳ್ಳುವುದು ಒಂದೇ ಕ್ರಿಯೆ. ದರ್ಗಾದ ಹೊಸ್ತಿಲಿನಲ್ಲಿ ಈ ಎರಡು ವ್ಯಾಕರಣಗಳು ಪಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ: ಒಬ್ಬರು ಬಾಗಿ ಹೊಸ್ತಿಲಿಗೆ ಮುತ್ತಿಡುತ್ತಾರೆ, ಇನ್ನೊಬ್ಬರು ಅದೇ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎರಡರ ಅರ್ಥದಲ್ಲಿ ವ್ಯತ್ಯಾಸವೇನೂ ಇಲ್ಲ.

ಮಕ್ಕಳು ಪೇರಲಹಣ್ಣನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ ಗೆಳೆಯನಿಗೆ ಕೊಡುವಾಗ ‘ಗುಬ್ಬಿ ಎಂಜಲು’ ಎನ್ನುತ್ತಾರಲ್ಲ, ಅಜ್ಜಿಯ ಬೆರಳಮುತ್ತು ಅದೇ ಜಾಣತನದ ದೊಡ್ಡವರ ರೂಪ. ಎಂಜಲಿನ ನಿಯಮವೂ ಮುರಿಯಬಾರದು, ಅಕ್ಕರೆಯೂ ತಲುಪಬೇಕು. ತಲೆಯನ್ನು ಮೂಸುವ ಪ್ರಾಚೀನ ಪದ್ಧತಿಯೂ ಇದರ ಬಂಧುವೇ. ಪ್ರವಾಸದಿಂದ ಮರಳಿದ ತಂದೆ ಮಗನ ನೆತ್ತಿಯನ್ನು ಆಘ್ರಾಣಿಸಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ವಿಶ್ವಾಮಿತ್ರನೊಡನೆ ಕಳಿಸುವ ಮುನ್ನ ದಶರಥನು ರಾಮನ ನೆತ್ತಿಯನ್ನು ಮೂಸುತ್ತಾನೆ. ಅಮೆರಿಕದ ಸಂಸ್ಕೃತ ವಿದ್ವಾಂಸ ಹಾಪ್ಕಿನ್ಸ್ 1907ರಲ್ಲಿಯೇ ಈ ‘ಮೂಸುಮುತ್ತಿ’ನ ಬಗ್ಗೆ ಒಂದು ಪ್ರಬಂಧವನ್ನು ಬರೆದರು. ಎಣ್ಣೆ ಹಚ್ಚಿ ಎರೆದ ಕೂಸಿನ ನೆತ್ತಿಗೆ ಮೂಗಿಟ್ಟು ಕಣ್ಣು ಮುಚ್ಚುವ ಬಾಣಂತಿಗೆ ಗೃಹ್ಯಸೂತ್ರದ ಅಗತ್ಯವಿಲ್ಲ.

ಎಂಜಲಿನ ಗಡಿಯನ್ನು ಎಲ್ಲರ ಎದುರಿನಲ್ಲಿಯೇ ದಾಟಲು ಈ ಸೀಮೆಯ ಜನ ಒಂದು ಸಂದರ್ಭವನ್ನು ಇಟ್ಟುಕೊಂಡಿದ್ದಾರೆ. ಅದು ಮದುವೆಯ ಭೂಮ. ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಒಬ್ಬರಿಗೊಬ್ಬರು ತುತ್ತು ಇಡುತ್ತಾರೆ. ಸುತ್ತ ಕುಳಿತವರು ಒಡಪಿನಲ್ಲಿ ಹೆಸರು ಹೇಳಿಸಿ ಕಾಡುತ್ತಾರೆ. ಕ್ರೈಸ್ತರ ಮದುವೆಯಲ್ಲಿ ವಧೂವರರ ಚುಂಬನಕ್ಕೆ ಯಾವ ಸ್ಥಾನವಿದೆಯೋ, ನಮ್ಮಲ್ಲಿ ಭೂಮದ ತುತ್ತಿಗೆ ಅದೇ ಸ್ಥಾನವಿದೆ ಎಂದು ನಾನು ತಿಳಿಯುತ್ತೇನೆ. ಇಬ್ಬರ ನಡುವೆ ಇನ್ನು ಎಂಜಲಿಲ್ಲ ಎಂಬುದನ್ನು ಊರೇ ಸಾಕ್ಷಿಯಾಗಿ ನೋಡಿತು. ಈಚಿನ ಮದುವೆಗಳಲ್ಲಿ ಛಾಯಾಚಿತ್ರಕಾರನು ಮದುಮಗನಿಗೆ ವಧುವಿನ ಹಣೆಗೆ ಮುತ್ತಿಡಲು ಹೇಳುತ್ತಾನೆ. ಭೂಮದ ತಾಟು ಮಾತ್ರ ಅವಸರದಲ್ಲಿ ಬಂದು ಹೋಗುತ್ತದೆ. ಹಣೆಯ ಮುತ್ತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಅರ್ಥ ತುಂಬಿದ ಒಂದು ಆಚಾರವು ಕಡೆಗಣಿಸಲ್ಪಟ್ಟು, ಸಿನಿಮಾದಿಂದ ಎರವಲು ತಂದ ಭಂಗಿಯೊಂದು ಅದರ ಜಾಗದಲ್ಲಿ ಕುಳಿತಾಗ ನಷ್ಟ ಯಾರದು ಎಂಬುದನ್ನು ಯೋಚಿಸಬೇಕು.

ಈ ಸೀಮೆಯ ಅಕ್ಕರೆಯ ಭಾಷೆಯನ್ನು ದಾಖಲಿಸಿದ ಕೀರ್ತಿ ಹಲಸಂಗಿಯ ಗೆಳೆಯರದು. ಆಗ ಇಂಡಿ ತಾಲೂಕಿನಲ್ಲಿದ್ದ ಆ ಪುಟ್ಟ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿಯೂ, ಲಾವಣಿಗಳ ‘ಜೀವನ ಸಂಗೀತ’ 1933ರಲ್ಲಿಯೂ, ‘ಮಲ್ಲಿಗೆ ದಂಡೆ’ 1935ರಲ್ಲಿಯೂ ಹೊರಬಂದವು. ಗರತಿಯ ಹಾಡಿನಲ್ಲಿ ಕೂಸಿದೆ, ತವರಿದೆ, ಅಣ್ಣತಮ್ಮಂದಿರಿದ್ದಾರೆ. ಆ ಹೆಣ್ಣಿನ ಮುದ್ದೆಲ್ಲ ಕೂಸಿನ ಕಡೆಗೇ ಹರಿಯುತ್ತದೆ. ಗಂಡಸರ ಲಾವಣಿಯ ಶೃಂಗಾರವೇ ಬೇರೆ, ಅದಕ್ಕೆ ಬೇರೆ ಪುಸ್ತಕ. ‘ಗರತಿ’ ಎಂಬ ಹೆಸರೇ ಯಾವುದನ್ನು ಅಚ್ಚಿಸಬಹುದು, ಯಾವುದನ್ನು ಅಚ್ಚಿಸಬಾರದು ಎಂಬ ಒಂದು ಗೆರೆಯನ್ನು ಎಳೆದಂತಿದೆ ಎಂದು ನನಗೆ ಅನೇಕ ಸಲ ಅನಿಸಿದೆ. ಗೆರೆಯಾಚೆ ಉಳಿದ ಹಾಡುಗಳೆಷ್ಟೋ ಹಾಡಿದವರೊಡನೆಯೇ ಹೋದವು. ಆದರೂ ಆ ಗೆಳೆಯರು ಅಷ್ಟನ್ನಾದರೂ ಬರೆದುಕೊಂಡದ್ದರಿಂದ ಇಂದು ನಮಗೆ ಹಾಡಿನ ಪಾಠವಿದೆ. ಹಾಡಿನ ಜೊತೆಗಿದ್ದ ಕೈಯ ಚಲನೆ, ಗಲ್ಲ ಸವರುವ ಬಗೆ, ನೆಟಿಗೆಯ ಸದ್ದು ಕಾಗದಕ್ಕೆ ಇಳಿಯಲಿಲ್ಲ.

ಇಲ್ಲಿ ನನ್ನ ಮುಖ್ಯ ಆತಂಕವನ್ನು ಹೇಳಬೇಕು. ನಮ್ಮ ಪದ್ಧತಿಯಲ್ಲಿ ಸ್ಪರ್ಶದ ಹಕ್ಕು ಕೂಸಿಗೆ ಪೂರ್ಣವಾಗಿದೆ. ಮುದಿಯರಿಗೆ ಮುಟ್ಟುವ ಹಕ್ಕಿದೆ. ನಡುವಿನ ವಯಸ್ಸಿನವರಿಗೆ, ಅದರಲ್ಲಿಯೂ ಗಂಡಸರಿಗೆ, ಏನೂ ಇಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಹಣೆಗೆ ತನ್ನ ಮುಖವಿಟ್ಟು ನಿಲ್ಲುವ ರೈತನು, ಬೆಳೆದ ಮಗನ ಹೆಗಲ ಮೇಲೆ ಕೈಯಿಡಲು ಸಂಕೋಚಪಡುತ್ತಾನೆ. ಮಳೆಯಿಲ್ಲದ ವರ್ಷಗಳಲ್ಲಿ ಈ ನಾಲ್ಕೂ ತಾಲೂಕುಗಳಿಂದ ಜನ ಗೋವೆಗೆ, ಪುಣೆಗೆ, ಮುಂಬಯಿಗೆ, ಮಹಾರಾಷ್ಟ್ರದ ಕಬ್ಬಿನ ಫಡಗಳಿಗೆ ದುಡಿಯಲು ಹೋಗುತ್ತಾರೆ. ಬಸ್‌ನಿಲ್ದಾಣದಲ್ಲಿ ತಂದೆ ಮಗನಿಗೆ ಬುತ್ತಿಯ ಗಂಟು ಕೊಟ್ಟು, ಮುಖ ನೋಡದೆ, ‘ಹೋಗಿ ಮುಟ್ಟಿದ ಮ್ಯಾಲ ಫೋನ್ ಹಚ್ಚು’ ಎಂದಷ್ಟೇ ಹೇಳುತ್ತಾನೆ. ಅಜ್ಜಿ ಬದುಕಿರುವವರೆಗೆ ಆ ಕೊರತೆಯನ್ನು ಅವಳ ಹತ್ತು ಬೆರಳುಗಳು ತುಂಬುತ್ತಿದ್ದವು. ಅಜ್ಜಿ ಹೋದ ಮನೆಯಲ್ಲಿ ಇಪ್ಪತ್ತರ ಹುಡುಗನ ಗಲ್ಲವನ್ನು ಅಕ್ಕರೆಯಿಂದ ಮುಟ್ಟುವವರು ಯಾರೂ ಉಳಿಯುವುದಿಲ್ಲ. ಸೊಸೆಯಂದಿರಿಗೆ ಆ ಅಭಿನಯ ಹಳ್ಳಿಗಾಡಿನದೆಂಬ ನಾಚಿಕೆ; ಹೊಸ ರೀತಿಯ ಅಪ್ಪುಗೆಗೆ ಇನ್ನೂ ಮನಸ್ಸು ಒಗ್ಗಿಲ್ಲ. ಎರಡು ವ್ಯಾಕರಣಗಳ ನಡುವೆ ಮೌನ ಬಿದ್ದಿದೆ. ಮುದ್ದೇಬಿಹಾಳ, ಬಾಗೇವಾಡಿಗಳ ಸುತ್ತಿನ ಲಂಬಾಣಿ ತಾಂಡಾಗಳಲ್ಲಿ ಮದುಮಗಳು ಬೀಳ್ಕೊಳ್ಳುವಾಗ ಬಂಧುಗಳ ಕೊರಳನ್ನು ಅಪ್ಪಿಕೊಂಡು ‘ಢಾವಲೋ’ ಹಾಡಿ ಅಳುತ್ತಾಳೆ. ಅಳುವಿಗೂ ಅಪ್ಪುಗೆಗೂ ಒಂದು ರೂಪ ಕೊಟ್ಟುಕೊಂಡಿರುವ ಆ ಜನರನ್ನು ಕಂಡಾಗ, ಉಳಿದ ನಾವು ಬಡವರೆನಿಸುತ್ತದೆ.

ಬೀದಿಯ ಕಾವಲುಗಾರರ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 1933ರ ‘ಕರ್ಮ’ ಚಿತ್ರದಲ್ಲಿ ದೇವಿಕಾರಾಣಿ ಮತ್ತು ಹಿಮಾಂಶು ರಾಯ್ ತೆರೆಯ ಮೇಲೆ ಚುಂಬಿಸಿದರು. ಕಥೆಗೆ ಅಗತ್ಯವಾದರೆ ಚುಂಬನವನ್ನು ತೋರಿಸಬಹುದೆಂದು ಖೋಸ್ಲಾ ಸಮಿತಿ 1969ರಲ್ಲಿ ಅಭಿಪ್ರಾಯಪಟ್ಟಿತು. ಆದರೂ 2014ರ ನವೆಂಬರಿನಲ್ಲಿ ಕೊಚ್ಚಿಯ ಯುವಕಯುವತಿಯರು ‘ಪ್ರೀತಿಯ ಮುತ್ತು’ ಎಂದು ಪ್ರತಿಭಟನೆಗೆ ಇಳಿಯಬೇಕಾಯಿತು. ಪ್ರತಿಭಟನೆಯಾಗಿ ಕೊಡುವ ಮುತ್ತಿನಲ್ಲಿ ಮುತ್ತಿಗಿಂತ ಪ್ರತಿಭಟನೆಯೇ ಹೆಚ್ಚು ಎಂಬುದು ನಿಜ; ಆದರೆ ಅಂಥ ಪ್ರತಿಭಟನೆ ಬೇಕಾಗುವಂತೆ ಮಾಡಿದವರು ದೊಣ್ಣೆ ಹಿಡಿದು ಬಂದವರೇ ಹೊರತು ಮುತ್ತು ಕೊಟ್ಟವರಲ್ಲ. ಬನವಾಸಿಯ ಸ್ತ್ರೀ ತನ್ನ ಮೈಯನ್ನು ತಾನೇ ಮುಚ್ಚಿಕೊಳ್ಳುತ್ತಿದ್ದಳು ಎನ್ನುತ್ತಾನೆ ವಾತ್ಸ್ಯಾಯನ. ಅವಳಿಗೆ ಯಾರೋ ಮುಚ್ಚಿಸಿದರು ಎನ್ನುವುದಿಲ್ಲ. ಇದೇ ಮಾತು ಮಕ್ಕಳಿಗೂ ಅನ್ವಯಿಸುತ್ತದೆ. ಮನೆಗೆ ಬಂದವರೆಲ್ಲ ಹಸುಗೂಸಿನ ಬಾಯಿಗೆ ಮುತ್ತಿಡುವುದು ರೋಗಕ್ಕೆ ದಾರಿ ಎಂದು ವೈದ್ಯರು ಎಚ್ಚರಿಸುತ್ತಾರೆ. ಮುಖ ತಿರುಗಿಸುವ ಐದು ವರ್ಷದ ಹುಡುಗಿಯನ್ನು ‘ಮಾಮಾಗ ಒಂದ ಪಪ್ಪಿ ಕೊಡು’ ಎಂದು ಬಲವಂತಪಡಿಸುವುದು ಅಕ್ಕರೆಯಲ್ಲ. ಬೆರಳಮುತ್ತಿನಲ್ಲಿ ಈ ಎರಡು ದೋಷಗಳೂ ಇಲ್ಲವೆಂಬುದನ್ನು ಗಮನಿಸಬೇಕು.

ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಾಡು, ಕಥೆ, ಒಗಟುಗಳನ್ನು ಸಂಗ್ರಹಿಸಿವೆ. ಕೈಯ ಅಭಿನಯಗಳನ್ನು ಸಂಗ್ರಹಿಸುವ ಕೆಲಸ ನಡೆಯಬೇಕು. ಇಂಡಿಯ ಅಜ್ಜಿ ನೆಟಿಗೆಯನ್ನು ಕಣತಲೆಗೆ ಒತ್ತಿ ಮುರಿಯುತ್ತಾಳೋ ನೆಲಕ್ಕೆ ಒತ್ತಿಯೋ, ಸಿಂದಗಿಯಲ್ಲಿ ಬೆರಳನ್ನು ತುಟಿಗೆ ತಂದಾಗ ಸದ್ದು ಮಾಡುತ್ತಾರೋ ಇಲ್ಲವೋ, ಮೊಮ್ಮಗಳಿಗೂ ಮೊಮ್ಮಗನಿಗೂ ಒಂದೇ ರೀತಿಯೋ, ಮುಸಲ್ಮಾನರ ಮನೆಯ ನಾನಿ ಬಲಾಯಿ ತೆಗೆಯುವ ಬಗೆಗೂ ಒಕ್ಕಲಿಗರ ಆಯಿ ನೆದರು ತೆಗೆಯುವ ಬಗೆಗೂ ಎಷ್ಟು ಹೋಲಿಕೆ ಎಂಬುದನ್ನೆಲ್ಲ ಕೇಳಿ, ನೋಡಿ, ಚಿತ್ರೀಕರಿಸಿ ಇಡಬೇಕು. ಹಲಸಂಗಿಯವರಿಗೆ ಕಾಗದ ಮತ್ತು ಲೆಕ್ಕಣಿಕೆ ಮಾತ್ರವಿದ್ದವು. ಇಂದು ಪ್ರತಿಯೊಂದು ಮನೆಯ ಮೊಮ್ಮಕ್ಕಳ ಕಿಸೆಯಲ್ಲಿ ಕ್ಯಾಮೆರಾ ಇದೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಕೈ ಮೇಲೇಳುವ ಮೊದಲೇ ಅದನ್ನು ಹೊರತೆಗೆಯಿರಿ. ಇಲ್ಲವೆ ಅಣ್ಣನ ಕೈಗೆ ಕೊಟ್ಟು, ನೀವು ಸುಮ್ಮನೆ ಗಲ್ಲವೊಡ್ಡಿ ನಿಲ್ಲಿರಿ.